ನನ್ನ ಹಿಂದೆ ಇನ್ನೊಬ್ಬರಿದ್ದಾರೆ

"ಮೂಗಿಂದ ಎಳ್ಕೊಳ್ಳಿ... ಬಾಯಿಂದ ಬಿಡಿ. ನಿಧಾನ, ನಿಧಾನ..."

ದನಿ ಬಂದದ್ದು ನೆಲದಿಂದ!

ನಾಲ್ಕನೇ ಮಹಡಿಯ ಮೆಟ್ಟಿಲ ಮೇಲೆ ಕುಸಿದು ಕೂತು, ಪ್ಲಾಸ್ಟರ್ ಅಚ್ಚುಗಳ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಏದುಸಿರು ಬಿಡುತ್ತಿದ್ದವಳು ಬೆಚ್ಚಿಬಿದ್ದು ತಲೆ ತಿರುಗಿಸಿದಳು. ಲಿಫ್ಟಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಲಿಫ್ಟ್ ಇರಲಿಲ್ಲ. ನೆಲದ ಮಟ್ಟಕ್ಕೆ ಸರಿಯಾಗಿ ಒಂದು ತಲೆ ಮಾತ್ರ ಕಾಣುತ್ತಿತ್ತು. ಹಣೆಗೆ ಟಾರ್ಚು ಕಟ್ಟಿಕೊಂಡ, ಗಲ್ಲಕ್ಕೆ ಗ್ರೀಸ್ ಮೆತ್ತಿಕೊಂಡ ತಲೆ.

"ಇದು... ರಿಪೇರಿ... ಯಾವಾಗ ಮುಗಿಯತ್ತೆ?" ಒಂದೊಂದು ಪದಕ್ಕೂ ಒಂದೊಂದು ಉಸಿರು ಬೇಕಾಯಿತು ಅವಳಿಗೆ.

"ಮುಗಿದಿದೆ."

"ಮತ್ತೆ ಬಿಡಿ!"

"ಖಾಲಿ ಲಿಫ್ಟಲ್ಲಿ ನಾನೊಬ್ಬನೇ ಎರಡು ಸಲ ಮೇಲೆ ಕೆಳಗೆ ಹೋಗಿ ಬರ್ಬೇಕು. ಅಲ್ಲಿವರೆಗೆ ಯಾರನ್ನೂ ಹತ್ತಿಸಲ್ಲ."

"ಸಂಜೆಯೊಳಗೆ ಒಬ್ಬರು ತಾತನಿಗೆ ಹಲ್ಲು ರೆಡಿ ಆಗ್ಬೇಕು ಕಣ್ರೀ!"

"ತಾತನಿಗೆ ಹಲ್ಲು ಹೋಗಿದೆ, ನಿಮಗೆ ಉಸಿರೇ ಹೋಗಿದೆ. ಮೊದಲು ಇದನ್ನ ನೋಡ್ಕೊಳ್ಳಿ. ಆ ಡಬ್ಬ ಕೊಡಿ, ನಾನು ತಲುಪಿಸ್ತೀನಿ."

"ಏನೂ ಬೇಡ!"

ಸಿಟ್ಟು ನೆತ್ತಿಗೇರಿತು. ಡಬ್ಬ ಎತ್ತಿಕೊಂಡು ದುಡುದುಡು ಹೊರಟಳು. ಆದರೆ ಐದನೇ ಮಹಡಿಗೆ ಉಳಿದಿದ್ದ ಹದಿನೆಂಟು ಮೆಟ್ಟಿಲಿಗೆ ಎರಡು ಸಲ ನಿಲ್ಲಬೇಕಾಯಿತು! ಹಿಂದಿನಿಂದ ಅವನು ನಗುತ್ತಾನೆ ಎಂದುಕೊಂಡಳು. ಅವನು ನಗಲಿಲ್ಲ. ಅದೇ ಹೆಚ್ಚು ಉರಿಸಿತು.

ಐದನೇ ಮಹಡಿಯಲ್ಲಿ ಅವಳು ಕೆಲಸ ಮಾಡುವ ಹಲ್ಲಿನ ಲ್ಯಾಬ್ ಇತ್ತು. ಕ್ಲಿನಿಕ್ಕುಗಳಿಂದ ಬಂದ ಅಚ್ಚಿನ ಮೇಲೆ ಮೇಣ ಹಚ್ಚಿ, ಒಂದೊಂದೇ ಹಲ್ಲು ಕೂರಿಸಿ, ತಿಕ್ಕಿ ಹೊಳಪು ಕೊಡುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಒಂದೇ ಕುರ್ಚಿ, ಒಂದೇ ದೀಪ. ಬೇರೆಯವರ ಬಾಯಿಗೆಲ್ಲ ನಗು ತುಂಬಿಸುವವಳಿಗೆ ಮೂವತ್ತೆರಡನೇ ವಯಸ್ಸಿಗೇ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ.

ಸಂಜೆ ಇಳಿಯುವಾಗ ಲಿಫ್ಟ್ ಓಡುತ್ತಿತ್ತು. ಕೆಳಗೆ ಸೂಚನಾ ಫಲಕದ ಮೇಲೆ ಕೈಬರಹದ ಒಂದು ಚೀಟಿ ಅಂಟಿಸಿದ್ದರು.

'ಒಂಬತ್ತು ವಾರ. ಮಂಗಳವಾರ, ಗುರುವಾರ, ಭಾನುವಾರ. ಬೆಳಿಗ್ಗೆ ಆರಕ್ಕೆ ಪಾರ್ಕಿನ ಗೇಟು. ಓಡಲು ಬಾರದವರು ಮಾತ್ರ ಬರಬೇಕು. ಬರುವವರು ಸಬೂಬು ಮನೆಯಲ್ಲಿಟ್ಟು ಬರಬೇಕು.'

ಅವಳು ಅದನ್ನು ಮೂರು ಸಲ ಓದಿದಳು.

* * *

"ಎಷ್ಟು ವಾರ? ಒಂಬತ್ತಾ?" ಭಾವ ಪೇಪರ್ ಕೆಳಗಿಟ್ಟು ಕಣ್ಣರಳಿಸಿದರು. "ಈಜು ಮೂರು ವಾರ. ಡ್ರೈವಿಂಗ್ ಎರಡು ವಾರ. ವಯಲಿನ್ ಇನ್ನೂ ಮಂಚದ ಕೆಳಗೆ ಬಾಕ್ಸಲ್ಲಿ ಮಲಗಿದೆ. ಇದಕ್ಕೆ ನಾನು ನಾಲ್ಕು ವಾರ ಕೊಡ್ತೀನಪ್ಪ, ಸ್ವಲ್ಪ ಧಾರಾಳವಾಗೇ!"

"ಸುಮ್ನಿರ್ರೀ..." ಅಕ್ಕ ಗಂಡನನ್ನು ಗದರಿದಳು. ಆದರೆ ಅವಳ ತುಟಿಯಂಚಿನಲ್ಲೂ ನಗು ಇತ್ತು.

ಭಾವನ ತಮಾಷೆಯಲ್ಲಿ ವಿಷವಿರಲಿಲ್ಲ. ನಿಜವಾದ ವಿಷ ಬೇರೆಯವನದು. ನಾಲ್ಕು ವರ್ಷದ ಹಿಂದೆ, ಮದುವೆ ಗೊತ್ತಾಗಿದ್ದವನು ಸಂಬಂಧ ಮುರಿದು ಹೋಗುವಾಗ ಒಂದೇ ಒಂದು ಮಾತು ಹೇಳಿದ್ದ. 'ನೀನು ಯಾವುದನ್ನೂ ಕೊನೆ ಮುಟ್ಟಿಸೋಳಲ್ಲ. ನಾಳೆ ಸಂಸಾರಾನೂ ಅರ್ಧಕ್ಕೇ ಬಿಡ್ತೀಯ.'

ಆ ಮಾತನ್ನು ಅವಳು ಅಕ್ಕನಿಗೂ ಹೇಳಿರಲಿಲ್ಲ. ಹೇಳಿದರೆ 'ಅವನು ಹೇಳಿದ್ದು ಸರಿಯೇ ಅಲ್ವಾ' ಎಂದು ಯಾರಾದರೂ ಒಪ್ಪಿಬಿಟ್ಟರೆ? ಆಮೇಲಿಂದ ಹೊಸದಾಗಿ ಏನನ್ನು ಶುರು ಮಾಡಿದರೂ, ಶುರುವಿನಲ್ಲೇ ಅದರ ಅಂತ್ಯ ಕಾಣಿಸಿಬಿಡುತ್ತಿತ್ತು.

'ಇದೊಂದು... ಇದೊಂದನ್ನ ಮುಗಿಸ್ತೀನಿ. ಮುಗಿಸದೇ ಹೋದ್ರೆ ಅವನು ಹೇಳಿದ್ದೇ ನಾನು.' ಎಂದು ಮನಸ್ಸಿನಲ್ಲೇ ಶಪಥ ಮಾಡಿಕೊಂಡಳು. ಶಪಥ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಪಾಪ.

* * *

ಪಾರ್ಕಿನ ಗೇಟಿನ ಬಳಿ ಹದಿನಾಲ್ಕು ಜನ ಸೇರಿದ್ದರು. ತರಬೇತಿ ಕೊಡುವವರು ಮೂವತ್ತು ವರ್ಷ ಶಾಲೆಯ ಬಸ್ ಓಡಿಸಿ ನಿವೃತ್ತರಾದ ಹೆಂಗಸು. ಕತ್ತಿನಲ್ಲಿ ಸದಾ ಒಂದು ವಿಸಿಲ್. ಎಲ್ಲರೂ ಅವರನ್ನು ವಿಸಿಲ್ ಮೇಡಂ ಎಂದೇ ಕರೆಯುತ್ತಿದ್ದರು. ಬಸ್ಸಿನಲ್ಲಿ ಮಕ್ಕಳ ತಲೆ ಎಣಿಸುವ ಹಾಗೆ ಬೆರಳಾಡಿಸಿ ಎಣಿಸಿ, "ಹದಿನಾಲ್ಕು! ವಾಪಸ್ ಬರುವಾಗಲೂ ಹದಿನಾಲ್ಕೇ ಇರ್ಬೇಕು!" ಎಂದು ಗುಡುಗಿದರು.

ಮೊದಲ ವಾರದ ಪಾಠ ಸುಲಭ. ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ. ಹೀಗೆ ಎಂಟು ಸಲ. ಕೇಳುವುದಕ್ಕೆ ಸುಲಭ!

ಎರಡನೇ ಓಟಕ್ಕೇ ಅವಳ ಪಕ್ಕೆ ಹಿಡಿದುಕೊಂಡಿತು. ಒಬ್ಬೊಬ್ಬರೇ ಅವಳನ್ನು ದಾಟಿ ಹೋದರು. ಲೈಬ್ರರಿಯಲ್ಲಿ ಕೆಲಸ ಮಾಡುವ, ಐವತ್ತೆಂಟು ದಾಟಿದ, ಎಲ್ಲರೂ ಲೈಬ್ರರಿ ಅಮ್ಮ ಎನ್ನುವ ಹೆಂಗಸು ಕೂಡ "ಬರ್ತೀನಮ್ಮ" ಎಂದು ಹೇಳಿ ಮುಂದೆ ಹೋದರು. ಅವಳ ಕಣ್ಣು ತುಂಬಿ ಬಂತು.

'ಮತ್ತೆ ಕೊನೆ. ಇವತ್ತೇ ಬಿಟ್ಟುಬಿಡ್ಲಾ? ಭಾವ ಕೊಟ್ಟಿದ್ದು ನಾಲ್ಕು ವಾರ. ನಾನು ನಾಲ್ಕು ನಿಮಿಷಾನೂ ಇಲ್ಲ!'

ಆಗ ಹಿಂದಿನಿಂದ ಕೇಳಿತು... ಹಾ... ಹೂ... ಹಾ... ಹೂ... ಅವಳಿಗಿಂತ ಜೋರಾದ ಏದುಸಿರು!

ತಿರುಗಿ ನೋಡಿದಳು. ಎಣಿಕೆ ಮುಗಿದ ಮೇಲೆ ತಡವಾಗಿ ಬಂದು ಸೇರಿಕೊಂಡವನೊಬ್ಬ. ಗ್ರೀಸ್ ಇಲ್ಲದ ಕಾರಣ ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು.

"ಅಯ್ಯೋ! ನೀವು... ಲಿಫ್ಟಿನವರಲ್ವಾ?"

"ಹೌದು..." ಅವನು ಸೊಂಟದ ಮೇಲೆ ಕೈಯಿಟ್ಟು ಬಗ್ಗಿದ. "ತಾತನಿಗೆ... ಹಲ್ಲು ಸಿಕ್ತಾ?"

"ನನಗೆ ಉಸಿರಾಡೋದು ಹೇಳ್ಕೊಟ್ರಿ ಆವತ್ತು! ಈಗ ನೋಡಿದ್ರೆ ನಿಮ್ದೇ ಈ ಕಥೆ!"

"ಹೇಳೋದು ಸುಲಭ ರೀ. ಲಿಫ್ಟ್ ರಿಪೇರಿ ಮಾಡೋನು ಮೆಟ್ಟಿಲು ಯಾಕೆ ಹತ್ತಬೇಕು, ಹೇಳಿ?"

ಅವಳು ನಕ್ಕುಬಿಟ್ಟಳು. ಪಕ್ಕೆನೋವಿನ ನಡುವೆಯೇ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಬ್ಬಾ! ತನ್ನ ಹಿಂದೆ ಇನ್ನೊಬ್ಬರಿದ್ದಾರೆ! ಆ ದಿನ ಎಂಟು ಓಟವನ್ನೂ ಮುಗಿಸಿದಳು.

* * *

ಶುರು ಮಾಡುವುದು ಯಾರಿಗೂ ಕಷ್ಟವಲ್ಲ. ಎರಡನೇ ವಾರದ ಮಂಗಳವಾರ ಹಾಸಿಗೆಯಿಂದ ಏಳುವುದಿದೆಯಲ್ಲ, ಅದು ಕಷ್ಟ. ಮೀನಖಂಡ ಕಲ್ಲಾಗಿರುತ್ತದೆ. ಹೊರಗೆ ಚಳಿ. 'ಇವತ್ತೊಂದಿನ ಬಿಟ್ರೆ ಆಕಾಶ ಬೀಳತ್ತಾ' ಎಂದು ದಿಂಬು ಕಿವಿಯಲ್ಲಿ ಪಿಸುಗುಡುತ್ತದೆ.

ಅವಳೂ ಎಲ್ಲ ಉಪಾಯ ಮಾಡಿ ನೋಡಿದಳು. ಓಟದ ಬಟ್ಟೆ ಹಾಕಿಕೊಂಡೇ ಮಲಗಿದಳು. ಅಲಾರಂ ಇಟ್ಟ ಫೋನನ್ನು ಅಡುಗೆಮನೆಯಲ್ಲಿಟ್ಟಳು. ಅದು ಬಡಿದಾಗ ಎದ್ದದ್ದು ಮಾತ್ರ ಭಾವ! "ಓಡ್ತಿರೋದು ನೀನು, ಎಚ್ಚರ ಆಗ್ತಿರೋದು ನನಗೆ. ಇದ್ಯಾವ ನ್ಯಾಯ?" ಎಂದು ಗೊಣಗಿ ಬಾಗಿಲು ತಟ್ಟಿದರು.

ಆದರೆ ನಿಜವಾಗಿ ಅವಳನ್ನು ಎಬ್ಬಿಸುತ್ತಿದ್ದದ್ದು ಬೇರೆಯೇ ಯೋಚನೆ.

'ನಾನು ಹೋಗದಿದ್ರೆ ಅವರೊಬ್ಬರೇ ಕೊನೆಯಾಗ್ತಾರೆ. ಪಾಪ! ಬಿಟ್ಟೇಬಿಡಬಹುದು.'

ನೋಡಿ, ಇದು ಅವಳ ಲೆಕ್ಕಾಚಾರ! ತಾನು ಅವನನ್ನು ಕೈಹಿಡಿದು ನಡೆಸುತ್ತಿದ್ದೇನೆ ಎಂದುಕೊಂಡಿದ್ದಳು. "ಬನ್ನಿ ಬನ್ನಿ, ಇನ್ನು ಇಪ್ಪತ್ತೇ ಸೆಕೆಂಡು! ಆ ಬೆಂಚು ದಾಟಿದ್ರೆ ಮುಗೀತು!" ಎಂದು ಹುರಿದುಂಬಿಸುತ್ತಿದ್ದಳು. ಅವನು ಹಾ... ಹೂ... ಎನ್ನುತ್ತ ಎರಡು ಹೆಜ್ಜೆ ಹಿಂದೆ ಬರುತ್ತಿದ್ದ.

ನಡಿಗೆಯ ಬಿಡುವಿನಲ್ಲಿ ಮಾತು. ಅವನು ಲಿಫ್ಟುಗಳ ಸ್ವಭಾವ ಹೇಳುತ್ತಿದ್ದ. ಆಸ್ಪತ್ರೆಯ ಲಿಫ್ಟು ಸಭ್ಯಸ್ಥ, ಹೋಟೆಲಿನದು ಸೋಮಾರಿ. ಅವಳು ಹಲ್ಲುಗಳ ಗುಟ್ಟು ಹೇಳುತ್ತಿದ್ದಳು. ಎರಡು ಮುಂದಿನ ಹಲ್ಲು ಪೂರ್ತಿ ಒಂದೇ ಥರ ಇರಬಾರದು, ಒಂದನ್ನು ಕೂದಲೆಳೆಯಷ್ಟು ಓರೆ ಕೂರಿಸಿದರೇ ನಗು ನಿಜ ಅನ್ನಿಸುತ್ತದೆ.

"ಹಾಗಾದ್ರೆ ನನ್ನ ಹಲ್ಲು?" ಒಂದು ದಿನ ಅವನು ಹಲ್ಲು ಕಿರಿದ.

"ನಿಮ್ಮದು ಬೇಕಾದಷ್ಟು ಓರೆ ಇದೆ ಬಿಡಿ!"

ಅವನು ನಕ್ಕ. ಅವಳು ಬೇರೆ ಕಡೆ ನೋಡಿದಳು. ಎದೆ ಯಾಕೋ ಓಟಕ್ಕೆ ಮುಂಚೆಯೇ ಹೊಡೆದುಕೊಳ್ಳುತ್ತಿತ್ತು!

ಭಾವ ಕೊಟ್ಟ ನಾಲ್ಕು ವಾರ ದಾಟಿತು. ಐದನೇ ವಾರದ ಭಾನುವಾರ ನಡಿಗೆಯೇ ಇಲ್ಲದೆ ಇಪ್ಪತ್ತು ನಿಮಿಷ ಓಡಬೇಕಿತ್ತು. ಹನ್ನೆರಡನೇ ನಿಮಿಷಕ್ಕೆ ಅವಳು "ನನ್ನ ಕೈಲಾಗಲ್ಲ" ಎಂದಳು. ಹಿಂದಿನಿಂದ ದನಿ ಬಂತು. "ನೀವು ನಿಂತ್ರೆ ನಾನೂ ನಿಲ್ತೀನಿ. ನನ್ನನ್ನ ನಿಲ್ಲಿಸ್ತೀರಾ?"

ನಿಲ್ಲಿಸಲಿಲ್ಲ. ಇಪ್ಪತ್ತು ನಿಮಿಷ ಪೂರ್ತಿ ಓಡಿದಳು! ಮುಗಿದ ಮೇಲೆ ಹುಲ್ಲಿನ ಮೇಲೆ ಬಿದ್ದು ಆಕಾಶ ನೋಡುತ್ತ ಅತ್ತಳು, ನಕ್ಕಳು. ಪಕ್ಕದಲ್ಲಿ ಬಿದ್ದಿದ್ದ ಅವನು ನೀರಿನ ಬಾಟಲಿ ಚಾಚಿದ.

'ಇವರನ್ನ ನಾನು ಪ್ರೀತಿಸ್ತಿದ್ದೀನಾ?' ಮನಸ್ಸು ಕೇಳಿತು. ಉತ್ತರ ಅವಳಿಗೆ ಗೊತ್ತಿತ್ತು.

* * *

ಆರನೇ ವಾರದ ಬುಧವಾರ. ಓಟದ ದಿನವಲ್ಲ. ಸೇತುವೆಯಾಚೆಯ ಕ್ಲಿನಿಕ್ಕಿಗೆ ಬೆಳಿಗ್ಗೆಯೇ ಒಂದು ಹಲ್ಲಿನ ಸೆಟ್ ತಲುಪಿಸಬೇಕಿತ್ತು. ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದಳು. ಸೇತುವೆಯ ಮೇಲೆ ಸಿಗ್ನಲ್ ಬಿದ್ದು ಬಸ್ಸು ನಿಂತಿತು.

ಕೆಳಗೆ ನದಿ ದಂಡೆಯ ರಸ್ತೆಯಲ್ಲಿ ಯಾರೋ ಓಡುತ್ತಿದ್ದರು. ಓಟವೆಂದರೆ ಓಟ! ಪಾದ ನೆಲಕ್ಕೆ ತಾಗಿದ್ದೇ ಕಾಣುತ್ತಿರಲಿಲ್ಲ. ಮುಂದಿದ್ದ ಸೈಕಲ್ಲಿನವನನ್ನೂ ಹಿಂದೆ ಹಾಕಿದ.

'ಎಷ್ಟು ಚೆನ್ನಾಗಿ ಓಡ್ತಾರೆ...' ಎಂದುಕೊಳ್ಳುತ್ತಿದ್ದ ಹಾಗೆ ಆ ವ್ಯಕ್ತಿ ಸೇತುವೆಯ ಕೆಳಗೆ ಬಂದು ಮುಖವೆತ್ತಿ ಬೆವರು ಒರೆಸಿಕೊಂಡ.

ಅವಳ ಕೈಯಲ್ಲಿದ್ದ ಡಬ್ಬ ಜಾರಿ ಮಡಿಲಿಗೆ ಬಿತ್ತು.

ಅವನೇ! ಲಿಫ್ಟ್ ಮೆಕ್ಯಾನಿಕ್! ಉಸಿರು ಕೂಡ ಏರಿರಲಿಲ್ಲ. ಅಷ್ಟು ಓಡಿಯೂ ಬಾಯಿ ಮುಚ್ಚಿತ್ತು!

ಹಾಗಾದರೆ ಆ ಏದುಸಿರು? ಸೊಂಟ ಹಿಡಿದು ಬಗ್ಗುತ್ತಿದ್ದದ್ದು? 'ನೀವು ನಿಂತ್ರೆ ನಾನೂ ನಿಲ್ತೀನಿ' ಎಂದದ್ದು?

ಮರುದಿನ ಪಾರ್ಕಿನ ಗೇಟಿನಲ್ಲೇ ಅವನನ್ನು ಹಿಡಿದಳು.

"ನದಿ ರಸ್ತೆಯಲ್ಲಿ ನಿನ್ನೆ ಓಡ್ತಿದ್ದೋರು ಯಾರು?"

ಅವನ ಮುಖ ಬಿಳಿಚಿಕೊಂಡಿತು. "ನಾನೇ."

"ನೀವು ಇಷ್ಟು ದಿನ ನನ್ನ ಹಿಂದೆ ಬರ್ತಿದ್ದದ್ದು..."

"ಅದು... ವಿಸಿಲ್ ಮೇಡಂ ಪದ್ಧತಿ. ಪ್ರತಿ ತಂಡದಲ್ಲೂ ಒಬ್ಬರನ್ನ ಕೊನೇಲಿ ಓಡೋಕೆ ಇಡ್ತಾರೆ. ಯಾರಿಗೂ ತಾನೇ ಕೊನೆ ಅನ್ನಿಸಬಾರದು ಅಂತ. ಒಂಬತ್ತನೇ ವಾರದವರೆಗೆ ಹೇಳೋ ಹಾಗಿಲ್ಲ. ಕೊನೆಯವನು ಡ್ಯೂಟಿ ಮೇಲಿದ್ದಾನೆ ಅಂತ ಗೊತ್ತಾದ್ರೆ, ಅವನ ಮುಂದಿರೋರು ನಾನೇ ಕೊನೆ ಅಂದ್ಕೋತಾರಲ್ಲ, ಅದಕ್ಕೆ..."

"ಅಂದ್ರೆ ನಾನೇ ಕೊನೆ!" ಅವಳ ದನಿ ನಡುಗಿತು. "ಮೊದಲನೇ ದಿನದಿಂದಲೂ! ಆ ಏದುಸಿರು ಕೂಡ ನಾಟಕ. ಅಲ್ವಾ?"

ಅವನು ತಲೆ ತಗ್ಗಿಸಿದ.

"ಅಲ್ವಾ? ಹೇಳಿ!"

"ಹೌದು."

"ನನ್ನ ಮೇಲೆ ಕರುಣೆ ತೋರಿಸೋದಕ್ಕೆ ನಿಮಗ್ಯಾರು ಹೇಳಿದ್ದು? ಆರು ವಾರ... ಆರು ವಾರ ನಾನು ಗೆದ್ದೆ ಅಂದ್ಕೊಂಡಿದ್ದೆ!"

"ನೀವು ಗೆದ್ದಿದ್ದು ಸುಳ್ಳಲ್ಲ. ದಯವಿಟ್ಟು ಒಂದು ಮಾತು ಕೇಳಿ..."

ಅವಳು ಕೇಳಲಿಲ್ಲ. ಓಡಲೂ ಇಲ್ಲ. ಗೇಟು ದಾಟಿ ನಡೆದು ಹೋದಳು.

* * *

ಆ ಭಾನುವಾರ ಅವಳು ಹೋಗಲಿಲ್ಲ. ಮಂಗಳವಾರವೂ ಇಲ್ಲ. ಭಾವ ತಮಾಷೆ ಮಾಡಲಿಲ್ಲ. ಅಷ್ಟರ ಮಟ್ಟಿಗೆ ಅವಳ ಮುಖ ಹಾಳಾಗಿತ್ತು.

ಅಕ್ಕ ಪಕ್ಕದಲ್ಲಿ ಬಂದು ಕೂತಳು. ಎಲ್ಲವನ್ನೂ ಕೇಳಿಸಿಕೊಂಡಳು. ನಾಲ್ಕು ವರ್ಷದ ಹಿಂದಿನ ಆ ಮಾತನ್ನೂ.

"ಅವನು ಹೀಗಂದಿದ್ನಾ?" ಅಕ್ಕನ ಕಣ್ಣು ಕೆಂಪಾಯಿತು. "ನನಗೆ ಆವತ್ತೇ ಹೇಳಿದ್ರೆ ಅವನ ಗ್ರಹಚಾರ ಬಿಡಿಸ್ತಿದ್ದೆ. ಇಷ್ಟು ವರ್ಷ ಇದನ್ನ ಒಬ್ಬಳೇ ಇಟ್ಕೊಂಡಿದ್ದೀಯಲ್ಲೇ!"

"ಅವನು ಹೇಳಿದ್ದು ನಿಜ ಅಕ್ಕ. ನೋಡು, ಮತ್ತೆ ಬಿಟ್ಟೆ."

"ಒಂದು ಕೇಳ್ತೀನಿ. ನೀನು ದಿನಾ ಎದ್ದು ಹೋಗ್ತಿದ್ದದ್ದು ಯಾಕೆ ಅಂತ ಹೇಳ್ತಿದ್ದೆ?"

"ಅವರೊಬ್ಬರೇ ಕೊನೆಯಾಗ್ತಾರೆ, ಪಾಪ ಅಂತ..."

"ಹಾಗಾದ್ರೆ ನೀನೂ ಅವನ ಮೇಲೆ ಕರುಣೆ ತೋರಿಸ್ತಾನೇ ಇದ್ದೆ. ನೀನು ತೋರಿಸಿದ್ರೆ ಅದು ಒಳ್ಳೆತನ. ಅವನು ತೋರಿಸಿದ್ರೆ ಅವಮಾನ. ಯಾವ ಊರಿನ ನ್ಯಾಯ ಕಣೇ ಇದು?"

ಅಕ್ಕನ ಹತ್ತಿರ ವಾದ ಮಾಡಿ ಗೆದ್ದವರಿಲ್ಲ.

"ಅವನ ವಿಷಯ ಆಮೇಲೆ. ಆ ಇಪ್ಪತ್ತು ನಿಮಿಷ ಓಡಿದ ಕಾಲು ಯಾರದು? ಅದಕ್ಕೂ ಡ್ಯೂಟಿ ಹಾಕಿದ್ರಾ?"

ಗುರುವಾರ ಬೆಳಿಗ್ಗೆ ಅಲಾರಂ ಬಡಿಯುವ ಮುಂಚೆಯೇ ಅವಳು ಎದ್ದಳು. ಪಾರ್ಕಿಗೆ ಹೋಗಲಿಲ್ಲ. ಮನೆಯ ಹಿಂದೆ, ಗೋದಾಮುಗಳ ಉದ್ದನೆಯ ರಸ್ತೆಗೆ ಹೋದಳು. ಏಳನೇ ವಾರ, ಇಪ್ಪತ್ತೈದು ನಿಮಿಷ. ವಿಸಿಲ್ ಇಲ್ಲ, ಜೊತೆ ಇಲ್ಲ.

ಹದಿನಾಲ್ಕನೇ ನಿಮಿಷಕ್ಕೆ ಕಾಲು ಸೋತಿತು. ಅಭ್ಯಾಸಬಲದಿಂದ ತಿರುಗಿ ನೋಡಿದಳು. ಹಿಂದೆ ಖಾಲಿ ರಸ್ತೆ. ಯಾರೂ ಇಲ್ಲ. ಮುಂದೆಯೂ ಯಾರೂ ಇಲ್ಲ. ಇಲ್ಲಿ ಮೊದಲೂ ಅವಳೇ, ಕೊನೆಯೂ ಅವಳೇ!

'ನಿಂತ್ರೆ ಯಾರೂ ನೋಡಲ್ಲ. ಓಡಿದ್ರೂ ಯಾರೂ ನೋಡಲ್ಲ. ಹಾಗಾದ್ರೆ... ನನಗೇನು ಬೇಕು?'

ಓಡಬೇಕು ಅನ್ನಿಸಿತು. ಅಷ್ಟೇ. ಯಾರಿಗೂ ಏನನ್ನೂ ತೋರಿಸುವುದಕ್ಕಲ್ಲ. ಹದಿನೈದು... ಹದಿನೆಂಟು... ಇಪ್ಪತ್ತೆರಡು... ಕೊನೆಯ ಗೋದಾಮಿನ ಹಸಿರು ಬಾಗಿಲ ಹತ್ತಿರ ಗಡಿಯಾರ ಇಪ್ಪತ್ತೈದು ತೋರಿಸಿತು. ಅವಳು ಎರಡೂ ಕೈ ಮೇಲೆತ್ತಿ, ಮುಚ್ಚಿದ ಬಾಗಿಲುಗಳ ಮುಂದೆ ಜೋರಾಗಿ ಕೂಗಿದಳು. ಕಾವಲುಗಾರನೊಬ್ಬ ಗಾಬರಿಯಾಗಿ ಹೊರಗೆ ಬಂದು ನೋಡಿ ಹೋದ.

ಆ ಕೂಗಿನ ಜೊತೆಗೆ ನಾಲ್ಕು ವರ್ಷದ ಆ ಮಾತೂ ಎದೆಯಿಂದ ಹೊರಟು ಹೋಯಿತು.

* * *

ಎಂಟನೇ ವಾರವನ್ನೂ ಒಬ್ಬಳೇ ಓಡಿದಳು. ಒಂಬತ್ತನೇ ವಾರ ವಿಸಿಲ್ ಮೇಡಂ ಫೋನ್ ಮಾಡಿದರು.

"ಭಾನುವಾರ ಕೊನೇ ಓಟ. ಪಾರ್ಕಿನ ಗೇಟಿಂದ ಹೊರಟು ಜಲಾಶಯ ಸುತ್ತಿ ಬರೋದು, ಐದು ಕಿಲೋಮೀಟರ್. ಎಷ್ಟು ನಿಧಾನವಾದ್ರೂ ಸರಿ, ನಡೆಯೋ ಹಾಗಿಲ್ಲ. ಬಾ. ಹದಿನಾಲ್ಕು ಜನರನ್ನ ಕರ್ಕೊಂಡು ಹೊರಟೋಳು ನಾನು. ಹದಿಮೂರು ಜನರ ಜೊತೆ ವಾಪಸ್ ಬಂದು ನನಗೆ ಅಭ್ಯಾಸ ಇಲ್ಲ."

"ಅವರು..."

"ಅವನು ಆ ಕೆಲಸ ಬಿಟ್ಟ. ಇನ್ನು ಯಾರ ಹಿಂದೆಯೂ ಸುಳ್ಳು ಓಡಲ್ಲ ಅಂದ." ಮೇಡಂ ದನಿ ಮೃದುವಾಯಿತು. "ಒಂದು ವಿಷಯ ಹೇಳ್ತೀನಿ ಕೇಳು. ಮೂರು ವರ್ಷದ ಹಿಂದೆ ಅವನು ಬಂದಿದ್ದು ಅವನ ಅಣ್ಣನ್ನ ಕರ್ಕೊಂಡು. ಡಾಕ್ಟರು ಅಣ್ಣನಿಗೆ ಓಡು ಅಂದಿದ್ರು. ಇವನು ಚಿಗರೆ ಥರ ಮುಂದೆ ಓಡಿಬಿಡ್ತಿದ್ದ. ಅಣ್ಣ ಮೂರು ಸಲ ಕೊನೆಯಾದ. ನಾಲ್ಕನೇ ದಿನ ಬರಲೇ ಇಲ್ಲ. ಈಗಲೂ ಸೋಫಾ ಬಿಟ್ಟು ಏಳಲ್ಲ. ಆಗ ಇವನೇ ಬಂದು ಕೇಳಿದ, ನನ್ನನ್ನ ಕೊನೇಲಿ ಹಾಕಿ ಅಂತ."

ಅವಳು ಫೋನ್ ಕೆಳಗಿಟ್ಟಳು. ಸಿಟ್ಟು ಪೂರ್ತಿ ಹೋಗಿರಲಿಲ್ಲ. ಆದರೆ ಅದನ್ನು ಹಿಡಿದುಕೊಂಡಿರುವುದಕ್ಕೂ ಈಗ ಕಷ್ಟವಾಗುತ್ತಿತ್ತು.

ಭಾನುವಾರ ಅಕ್ಕ, ಭಾವ ಇಬ್ಬರೂ ಬಂದರು. ಭಾವ ಎಂಟು ಗಂಟೆಯ ಮೊದಲು ಭಾನುವಾರ ಎದ್ದದ್ದು ಅವರ ಮದುವೆಯ ದಿನ ಬಿಟ್ಟರೆ ಇದೇ ಮೊದಲು!

ಅವಳ ಕಣ್ಣು ಗುಂಪಿನಲ್ಲೆಲ್ಲ ಹುಡುಕಿತು. ಅವನಿರಲಿಲ್ಲ. 'ಇಲ್ಲದಿದ್ರೇ ಒಳ್ಳೇದು' ಎಂದುಕೊಂಡಳು. ಒಳ್ಳೆಯದು ಅನ್ನಿಸಲಿಲ್ಲ.

ವಿಸಿಲ್ ಕೂಗಿತು.

ಮೊದಲ ಕಿಲೋಮೀಟರ್ ಕಳೆಯುವಷ್ಟರಲ್ಲಿ ಅವಳಿಗೇ ಆಶ್ಚರ್ಯ! ಮುಂದಿನಿಂದ ಐದನೆಯವಳು ತಾನು! ಉಸಿರು ಹದವಾಗಿತ್ತು, ಕಾಲು ಹಗುರವಾಗಿತ್ತು. ಎರಡು... ಮೂರು... ಜಲಾಶಯದ ಗಾಳಿ ಮುಖಕ್ಕೆ ತಣ್ಣಗೆ ಬೀಸುತ್ತಿತ್ತು. ಹೀಗೇ ಹೋದರೆ ಐದನೆಯವಳಾಗಿಯೇ ಗೇಟು ಮುಟ್ಟುತ್ತಾಳೆ!

ಜಲಾಶಯದ ತಿರುವಿನಲ್ಲಿ ಹಿಂದೆ ನೋಡಿದಳು. ಎಲ್ಲರಿಗಿಂತ ಹಿಂದೆ, ದೂರದಲ್ಲಿ ಒಬ್ಬರೇ ಒಬ್ಬರು. ಲೈಬ್ರರಿ ಅಮ್ಮ. ಜ್ವರ ಬಂದು ಎರಡು ವಾರ ಮಲಗಿದ್ದವರು ಹಟ ಹಿಡಿದು ಬಂದಿದ್ದರು. ಹೆಜ್ಜೆ ಎಳೆಯುತ್ತಿದ್ದರು. ಒಂದು ಕೈಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಇನ್ನೇನು ನಿಂತುಬಿಡುತ್ತಾರೆ.

ಅವರ ಹಿಂದೆ ಯಾರೂ ಇರಲಿಲ್ಲ.

ಅವಳು ಯೋಚಿಸಲಿಲ್ಲ. ಕಾಲು ತಾನಾಗಿ ನಿಧಾನವಾಯಿತು. ಒಬ್ಬೊಬ್ಬರೇ ಅವಳನ್ನು ದಾಟಿದರು. ಕಡೆಗೆ ಲೈಬ್ರರಿ ಅಮ್ಮನೂ ಸಮಕ್ಕೆ ಬಂದರು, ಅವಳು ಒಂದು ಹೆಜ್ಜೆ ಹಿಂದೆ ಬಿದ್ದಳು. ಆಮೇಲೆ ಅವಳ ಬಾಯಿಂದ ತಾನಾಗಿಯೇ ಬಂತು...

ಹಾ... ಹೂ... ಹಾ... ಹೂ...

"ಅಮ್ಮಾ... ನನಗಾಗ್ತಿಲ್ಲ... ಸ್ವಲ್ಪ ನನ್ನನ್ನ ಎಳ್ಕೊಂಡು ಹೋಗಿ..."

"ಅಯ್ಯೋ ಮಗಳೇ!" ಲೈಬ್ರರಿ ಅಮ್ಮನ ಬೆನ್ನು ನೆಟ್ಟಗಾಯಿತು. "ನಾನಿದ್ದೀನಿ ಬಾ! ನಿಲ್ಬೇಡ! ಆ ಕಂಬದವರೆಗೆ ಬಾ ಸಾಕು!"

ಆ ಕಂಬದವರೆಗೆ. ಆಮೇಲೆ ಮುಂದಿನ ಕಂಬದವರೆಗೆ. ಮುಂದೆ ಆ ಬೆವರಿನ ಬೆನ್ನು, ಹಿಂದೆ ಸುಳ್ಳು ಏದುಸಿರು ಬಿಡುತ್ತ ಅವಳು. ಅವಳ ಎದೆ ತುಂಬಿ ಬಂತು. ಆ ಬೆನ್ನಿನ ಮೇಲೆ ಅವಳಿಗೆ ಕರುಣೆ ಒಂದು ಚೂರೂ ಇರಲಿಲ್ಲ! ಹೆಮ್ಮೆ ಇತ್ತು. ನಿಲ್ಲಬೇಡ, ನಿಲ್ಲಬೇಡ ಎಂಬ ಪ್ರಾರ್ಥನೆ ಇತ್ತು. ಈ ಹೆಂಗಸು ಗೆಲ್ಲುವುದನ್ನು ಹತ್ತಿರದಿಂದ ನೋಡುವ ಆಸೆ ಇತ್ತು.

'ಹಿಂದಿನಿಂದ ನೋಡಿದ್ರೆ ಹೀಗಿರತ್ತಾ? ಅವರು ನನ್ನನ್ನ ಹೀಗಾ ನೋಡ್ತಿದ್ದದ್ದು?'

ಕಣ್ಣೀರು ಕೆನ್ನೆ ಮೇಲೆ ಹರಿಯಿತು. ಆದರೆ ಕಾಲು ನಿಲ್ಲಲಿಲ್ಲ.

ಗೇಟಿನ ಬಳಿ ಹನ್ನೆರಡು ಜನ ಚಪ್ಪಾಳೆ ತಟ್ಟುತ್ತಿದ್ದರು. ಲೈಬ್ರರಿ ಅಮ್ಮ ಮೊದಲು ಗೆರೆ ದಾಟಿ ವಿಸಿಲ್ ಮೇಡಂ ತೋಳಿಗೆ ಬಿದ್ದರು. ಅವರ ಹಿಂದೆ, ಹದಿನಾಲ್ಕನೆಯವಳಾಗಿ, ಎಲ್ಲರಿಗಿಂತ ಕೊನೆಯವಳಾಗಿ, ಎರಡೂ ಕೈ ಆಕಾಶಕ್ಕೆತ್ತಿ ಅವಳು ಬಂದಳು. ಇಡೀ ಐದು ಕಿಲೋಮೀಟರ್, ಒಂದು ಹೆಜ್ಜೆಯೂ ನಡೆಯದೆ!

"ಮುಗಿಸಿದೆ ಅಕ್ಕಾ! ಮುಗಿಸಿದೆ!"

ಅಕ್ಕ ಅಪ್ಪಿಕೊಂಡಳು. ಭಾವ ಕಣ್ಣಿಗೆ ಧೂಳು ಬಿತ್ತು ಎಂದು ಹೇಳಿ ಆಚೆ ತಿರುಗಿದರು.

"ಹದಿನಾಲ್ಕು!" ಎಂದು ಎಣಿಸಿ ಮುಗಿಸಿದ ವಿಸಿಲ್ ಮೇಡಂ, ಅವಳ ಕಿವಿಯ ಹತ್ತಿರ ಬಗ್ಗಿದರು. "ಟಿಕೆಟ್ ಕೌಂಟರ್ ಹಿಂದೆ ಒಬ್ಬ ಅವಿತುಕೊಂಡಿದ್ದಾನೆ. ಆರಡಿ ಆಳು, ನಾಲ್ಕಡಿ ಗೋಡೆ. ಹೋಗಿ ನೋಡು."

* * *

ನಿಜಕ್ಕೂ ತಲೆ, ಭುಜ ಎಲ್ಲ ಕಾಣುತ್ತಿತ್ತು. ಅವಳು ಹತ್ತಿರ ಬಂದಾಗ ಅವನು ತಪ್ಪಿತಸ್ಥನ ಹಾಗೆ ಎದ್ದು ನಿಂತ.

"ನೋಡಿ ಹೋಗೋಣ ಅಂತ ಬಂದೆ. ನೀವು ಮುಗಿಸೋದನ್ನ ನೋಡದೇ ಇರೋಕಾಗಲಿಲ್ಲ."

"ನಾನು ಕೊನೆ ಬಂದೆ."

"ಗೊತ್ತು." ಅವನ ಕಣ್ಣು ಹೊಳೆಯಿತು. "ಜಲಾಶಯದ ತಿರುವು ಇಲ್ಲಿಂದ ಕಾಣತ್ತೆ, ಅಲ್ಲಿ ನೀವು ಐದನೆಯವರಿದ್ರಿ. ಅದೂ ಗೊತ್ತು."

"ನಾನೂ ಸುಳ್ಳು ಏದುಸಿರು ಬಿಟ್ಟೆ ಇವತ್ತು. ಆಗ ಅರ್ಥ ಆಯ್ತು. ಆವತ್ತು ನಿಮ್ಮ ಮಾತು ಕೇಳದೆ ಹೋದೆ. ತಪ್ಪಾಯ್ತು."

"ತಪ್ಪು ನಂದೂ ಇದೆ. ಆವತ್ತು ಹೇಳಬೇಕು ಅಂತಿದ್ದದ್ದು ಇಷ್ಟೇ." ಎಂದ ಅವನು. "ನನ್ನ ಡ್ಯೂಟಿ ನಾಲ್ಕೇ ವಾರ. ಆಮೇಲೆ ಯಾರೂ ಅಷ್ಟಾಗಿ ಬಿಟ್ಟು ಹೋಗಲ್ಲ, ನೀನಿನ್ನು ಬರೋದು ಬೇಡ ಅಂತ ಮೇಡಂ ಹೇಳಿದ್ರು. ಐದನೇ ವಾರದಿಂದ ನಾನು ಬಂದಿದ್ದಕ್ಕೆ ಮೇಡಂ ಕಾರಣ ಅಲ್ಲ."

"ಮತ್ತೆ?"

"ನೀವು. ನಿಮ್ಮ ಮಾತು, ನಿಮ್ಮ ಬೈಗುಳ. ಆ ಬೆಂಚು ದಾಟಿದ್ರೆ ಮುಗೀತು ಅಂತ ನನ್ನನ್ನ ಹುರಿದುಂಬಿಸ್ತಿದ್ರಲ್ಲ, ನನಗೆ ಹಾಗೆ ಯಾರೂ ಹೇಳಿರಲಿಲ್ಲ. ನಾನು ಸುಸ್ತಾಗ್ತೀನಿ ಅಂತಲೇ ಯಾರಿಗೂ ಅನ್ನಿಸಿರಲಿಲ್ಲ." ಅವನು ನೇರವಾಗಿ ಅವಳ ಕಣ್ಣು ನೋಡಿದ. "ನನಗೆ ನೀವಂದ್ರೆ ತುಂಬಾ ಇಷ್ಟ. ಇದರಲ್ಲಿ ನಾಟಕ ಇಲ್ಲ."

ಅವಳಿಗೆ ನಗುವೂ ಬಂತು, ಅಳುವೂ ಬಂತು. "ನನಗೂ ಇಷ್ಟ. ಆ ಇಪ್ಪತ್ತು ನಿಮಿಷದ ದಿನದಿಂದ. ಇಲ್ಲ... ಅದಕ್ಕೂ ಮುಂಚಿನಿಂದ ಇರಬೇಕು. ಸರಿಯಾಗಿ ಗೊತ್ತಿಲ್ಲ!"

ದೂರದಲ್ಲಿ ಭಾವ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಅಕ್ಕ ಅವರ ತೋಳು ಹಿಡಿದು ಎಳೆಯುತ್ತಿದ್ದಳು.

"ಒಂದು ಕೇಳ್ಲಾ?" ಎಂದಳು ಅವಳು. "ನಿಜವಾಗಿ ಓಡಿ ತೋರಿಸಿ. ನನ್ನೆದುರಿಗೆ. ಸುಳ್ಳಿಲ್ಲದೆ, ಎಷ್ಟು ಜೋರಾಗಿ ಆಗತ್ತೋ ಅಷ್ಟು."

"ಈಗಲಾ?"

"ಈಗಲೇ."

ಅವನು ಷೂ ದಾರ ಬಿಗಿ ಮಾಡಿ ಹೊರಟ. ಉದ್ದನೆಯ ದಾರಿಯಲ್ಲಿ ಅವನು ಓಡುವುದನ್ನು ಅವಳು ಮನಸಾರೆ ನೋಡಿದಳು. ಮರಗಳ ಸಾಲು ದಾಟಿದ, ಬೆಂಚುಗಳನ್ನು ದಾಟಿದ, ಸಣ್ಣದಾದ. ದಾರಿ ಇನ್ನೂ ಬಹಳ ಉಳಿದಿತ್ತು. ಆದರೆ ಅರ್ಧದಲ್ಲೇ ಗಕ್ಕನೆ ತಿರುಗಿ, ಹೋದದ್ದಕ್ಕಿಂತ ಜೋರಾಗಿ ವಾಪಸ್ ಓಡಿ ಬಂದ. ಈಗ ಅವನ ಉಸಿರು ನಿಜವಾಗಿಯೂ ಏರಿತ್ತು.

"ಇದೇನು? ಪೂರ್ತಿ ಹೋಗಲೇ ಇಲ್ಲ. ಯಾಕೆ ವಾಪಸ್ ಬಂದ್ರಿ?"

"ಅಲ್ಲಿ ನೀನಿರಲಿಲ್ಲ," ಎಂದ ಅವನು.

ಅವಳು ಕೈ ಚಾಚಿದಳು. ಅವನು ಹಿಡಿದುಕೊಂಡ.